ಮಗುಚಿಟ್ಟ ಚೀಟಿ

ಕೇಟರ್‌ಹೇವನ್
16 ಫೆಬ್ರವರಿ 1977

ರೋನಾಳಿಗೆ,

ಸೋಮವಾರ ಚರ್ಚಿನಲ್ಲಿ ನೀನು ಕೊನೆಯ ಬೆಂಚಿನ ಎಡತುದಿಯಲ್ಲಿ ಕೂತಿದ್ದೆ. ಕಡೆಯ ಪ್ರಾರ್ಥನೆಗೆ ಎಲ್ಲರೂ ತಲೆ ಬಗ್ಗಿಸಿದಾಗ ಎದ್ದು ಹೋದೆ. ಯಾರೂ ನೋಡಲಿಲ್ಲ ಎಂದುಕೊಂಡಿದ್ದರೆ ಅದು ತಪ್ಪು. ನಾನು ತಲೆ ಬಗ್ಗಿಸಿರಲಿಲ್ಲ.

ನಿನ್ನ ತಂದೆಯನ್ನು ಸರಿಯಾಗಿ ಕಳಿಸಿಕೊಟ್ಟೆವು. ಪೆಟ್ಟಿಗೆ ಇಳಿಸಲು ಎಂಟು ಹಗ್ಗ, ಎಂಟು ಗಂಡಸರು. ತಲೆಯ ಕಡೆಯ ಹಗ್ಗ ಮಗನದು. ನಮಗೆ ಮಗನಿಲ್ಲ, ಅವರ ಗೆಳೆಯ ಡೂಥಿಯ ಕೈಗೆ ಕೊಟ್ಟೆ. ಹೆಂಗಸರು ಹಗ್ಗ ಹಿಡಿಯುವ ಪದ್ಧತಿ ನಮ್ಮಲ್ಲಿಲ್ಲ, ಆದ್ದರಿಂದ ಆ ಮಾತು ಅಲ್ಲಿಗೆ ಮುಗಿಯಿತು.

ನಾನು ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಅವರು ಗುರುವಾರ ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ಬಿದ್ದರು. ಮಂಗಳವಾರ ತುಂಬಿಸಿದ, ಕಲ್ಲು ಉರುಳಿಸಿ ನುಣುಪು ಮಾಡುವ ಪೀಪಾಯಿ ಒಳಗೆ ಕರೆಂಟಿನಲ್ಲಿ ತಿರುಗುತ್ತಿತ್ತು. ಈಗಲೂ ತಿರುಗುತ್ತಿದೆ. ಡಾಕ್ಟರು ಬಂದಾಗ, ಪಾದ್ರಿಗಳು ಬಂದಾಗ, ಪೆಟ್ಟಿಗೆ ಬಂದಾಗ, ಎಲ್ಲದರ ಹಿಂದೆ ಅದರ ಗರಗರ. ಮಣ್ಣು ಮಾಡಿ ಬಂದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಡೂಥಿ ಕಿವಿ ನಿಮಿರಿಸಿದ.

"ಏನ್ರೀ ಎಫಿ, ಅಲಿಕ್‌ನ ಪೀಪಾಯಿ ಇನ್ನೂ ತಿರುಗ್ತಾ ಇದೆಯಲ್ಲ! ಯಜಮಾನ ಹೋದ್ರೂ ಕೆಲಸಕ್ಕೆ ರಜೆ ಇಲ್ಲ ನೋಡಿ."

"ನಿಮ್ಮ ಚಹಾ ಆರ್ತಾ ಇದೆ, ಡೂಥಿ."

"ಅಲ್ಲ, ಪುಡಿ ಬದಲಾಯ್ಸೋ ಹೊತ್ತಾಗಿದ್ರೆ ನಾನು ಬೇಕಾದ್ರೆ..."

"ಹದಿನಾಲ್ಕು ವರ್ಷದಿಂದ ಕಲ್ಲು ಹೆಕ್ಕೋರ ಕ್ಲಬ್ಬಿನ ಅಧ್ಯಕ್ಷೆ ನಾನು. ನನ್ನ ಮನೆ ಪೀಪಾಯಿ ನನಗೆ ಗೊತ್ತು."

ನನಗೆ ಗೊತ್ತಿಲ್ಲ. ಒಂದು ಕಲ್ಲನ್ನು ಕಣ್ಣಲ್ಲಿ ನೋಡಿ ಯಾವ ಬಂಡೆಯಿಂದ ಬಂದದ್ದು ಎಂದು ಹೇಳಬಲ್ಲೆ. ಆದರೆ ಆ ಪೀಪಾಯಿಯ ಮುಚ್ಚಳವನ್ನು ಒಮ್ಮೆಯೂ ತೆಗೆದವಳಲ್ಲ. ಕಲ್ಲು ಆರಿಸುವುದು, ತೀರ್ಪು ಕೊಡುವುದು ನನ್ನದು, ರಾಡಿ ಅವರದು ಎಂದು ನಡೆದುಕೊಂಡು ಬಂದಿತ್ತು. ಈ ಸಂಗತಿ ಗೊತ್ತಿದ್ದವರು ಇಬ್ಬರೇ. ಒಬ್ಬರು ಸೋಮವಾರ ಮಣ್ಣಿಗೆ ಹೋದರು, ಇನ್ನೊಬ್ಬಳು ನೀನು.

ಸೆಪ್ಟೆಂಬರಿನ ಪ್ರದರ್ಶನದಲ್ಲಿ ಈ ಕಡೆಯ ಪೀಪಾಯಿಯ ಕಲ್ಲುಗಳನ್ನು ಅವರ ಹೆಸರಿನಲ್ಲಿ ಇಡಬೇಕೆಂದಿದ್ದೇನೆ. ಏನು ಮಾಡಬೇಕು ಎಂದು ಸ್ಪಷ್ಟವಾಗಿ ಬರೆದು ಕಳಿಸು. ಬೇರೆ ಏನನ್ನೂ ಬರೆಯಬೇಕಾಗಿಲ್ಲ.

ನಿನ್ನ ತಾಯಿ,
ಯುಫೀಮಿಯಾ ಪರ್ಟ್

*

ಇನ್ವರ್ನೆಸ್
19 ಫೆಬ್ರವರಿ 1977

ಅಮ್ಮನಿಗೆ,

ಮುಚ್ಚಳದ ಮೇಲಿನ ತಿರುಪನ್ನು ನಿಧಾನವಾಗಿ ಸಡಿಲಿಸಿ, ಮುಖವನ್ನು ಆಚೆ ಇಟ್ಟುಕೊಳ್ಳಿ. ಇಷ್ಟು ದಿನ ತಿರುಗಿದ್ದರೆ ಒಳಗೆ ಗಾಳಿ ತುಂಬಿರುತ್ತದೆ, ಬುಸ್ಸೆಂದು ರಾಡಿ ಹಾರುತ್ತದೆ. ರಾಡಿಯನ್ನು ಮೋರಿಗೆ ಸುರಿಯಬೇಡಿ, ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬೇಲಿಯ ಹಿಂದೆ ಅಪ್ಪ ತೋಡಿಟ್ಟ ಗುಂಡಿ ಇದೆ.

ಕಲ್ಲನ್ನೂ ಪೀಪಾಯಿಯನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ, ನೀರು ತಿಳಿಯಾಗುವವರೆಗೆ. ಮತ್ತೆ ಮುಕ್ಕಾಲು ತುಂಬಿಸಿ, ಕಲ್ಲು ಮುಳುಗುವುದಕ್ಕೆ ಸ್ವಲ್ಪ ಕಡಿಮೆ ನೀರು ಹಾಕಿ, ಎರಡನೆಯ ಡಬ್ಬಿಯ ಪುಡಿ ಮೂರು ಚಮಚ ಹಾಕಿ. ಹತ್ತು ದಿನ ಬಿಟ್ಟು ಮೂರನೆಯ ಡಬ್ಬಿ. ಕಡೆಗೆ ಹೊಳಪಿನ ಬಿಳಿ ಪುಡಿ. ಅದಕ್ಕೆ ಹಸಿರು ಮುಚ್ಚಳದ ಬೇರೆ ಪೀಪಾಯಿ ಇದೆ. ಒರಟು ಪುಡಿಯ ಒಂದು ಕಣ ಅದರೊಳಗೆ ಹೋದರೂ ಎಲ್ಲ ಕಲ್ಲಿನ ಮೇಲೂ ಗೆರೆ ಬೀಳುತ್ತದೆ. ನಾನು ಇಲ್ಲಿ ಕಟ್ಟುಹಲ್ಲು ಮಾಡುವ ಕಡೆ ಕೂತು ದಿನವಿಡೀ ಹೊಳಪು ಕೊಡುತ್ತೇನೆ. ಅಲ್ಲಿಯೂ ಇದೇ ನಿಯಮ.

ನನ್ನನ್ನು ಕೇಳಿದರೆ ಸ್ವಿಚ್ಚು ಆರಿಸಿಬಿಡಿ. ಅದು ಬಾಗಿಲ ಹಿಂದಿದೆ. ತುಂಬಿಸಿದ ಪೀಪಾಯಿಯನ್ನೆಲ್ಲ ಮುಗಿಸಲೇಬೇಕೆಂದಿಲ್ಲ.

ನಾನು ಚರ್ಚಿಗೆ ಬಂದದ್ದು ಅಪ್ಪನಿಗಾಗಿ.

ರೋನಾ

*

ಕೇಟರ್‌ಹೇವನ್
2 ಮಾರ್ಚ್ 1977

ರೋನಾಳಿಗೆ,

ಆರಿಸಿಬಿಡು ಎಂಬ ಸಲಹೆಯನ್ನು ನಾನು ಕೇಳಿರಲಿಲ್ಲ.

ನಿನ್ನೆ ಪೀಪಾಯಿ ತೆರೆದೆ. ಹೇಳಿದಂತೆಯೇ ಬುಸ್ಸೆಂದಿತು. ಮುಖ ಆಚೆ ಇಟ್ಟಿದ್ದೆ, ತೋಳಿಗೆ ಸಿಡಿಯಿತು. ರಾಡಿ ಗಂಜಿಯಷ್ಟು ದಪ್ಪ, ಬೂದು ಬಣ್ಣ, ಮಣ್ಣಿನ ವಾಸನೆ. ಮೂರು ಬಕೆಟ್ ನೀರಿಗೆ ಕಲ್ಲು ಕಂಡವು. ತೊಳೆಯುತ್ತ ಕೂತಾಗ ಬೆರಳ ತುದಿ ಸವೆದು ಬೆಳಿಗ್ಗೆ ಸೂಜಿ ಹಿಡಿಯಲಾಗಲಿಲ್ಲ. ಇಷ್ಟು ವರ್ಷ ಅವರು ಚಳಿಗಾಲದಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಊಟಕ್ಕೆ ಕೂರುತ್ತಿದ್ದರು, ಮೇಜಿನ ಮುಂದೆ ಹಾಗೆ ಕೂರಬಾರದು ಎಂದು ನಾನು ಹೇಳುತ್ತಿದ್ದೆ.

ಸೂಜಿ ಹಿಡಿದದ್ದು ಯಾಕೆಂದರೆ ಅವರ ಬಟ್ಟೆಗಳನ್ನು ಚರ್ಚಿನ ಮಾರಾಟಕ್ಕೆ ಕೊಡುತ್ತಿದ್ದೇನೆ. ಹರಿದದ್ದನ್ನು ಕೊಡುವ ಮನೆ ನಮ್ಮದಲ್ಲ. ಎಲ್ಲ ಪ್ಯಾಂಟಿನಲ್ಲೂ ಬಲಜೇಬು ತೂತು. ಎಡಜೇಬು ಸರಿಯಾಗಿದೆ, ಬಲದ್ದು ತೂತು. ರೈಲಿನ ಸಿಗ್ನಲ್ ತಂತಿಯನ್ನು ನಲವತ್ತು ವರ್ಷ ಕೂದಲೆಳೆಯಷ್ಟೂ ಸಂದು ಬಿಡದಂತೆ ಹೆಣೆದ ಮನುಷ್ಯನಿಗೆ ಒಂದು ಜೇಬು ಕಾಪಾಡಿಕೊಳ್ಳಲು ಬರಲಿಲ್ಲ. ನಾನು ಹೊಲಿದದ್ದಕ್ಕೆ ಲೆಕ್ಕವಿಲ್ಲ. ಹೊಲಿದ ತಿಂಗಳೊಳಗೆ ಮತ್ತೆ ತೂತು.

ಈಗ ಕೇಳು. ಪೀಪಾಯಿಯಲ್ಲಿ ನಲವತ್ತು ಕಲ್ಲುಗಳಿವೆ. ಮೂವತ್ತೊಂದು ನಮ್ಮ ಕಡಲಿನವು. ಒಂಬತ್ತು ನಮ್ಮವಲ್ಲ.

ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದನ್ನೂ ನೋಡಿದೆ. ನಮ್ಮ ಗೆರೆಗಲ್ಲು ಕಪ್ಪು ಬಂಡೆಯ ಹೊಟ್ಟೆಯಲ್ಲಿ ಹುಟ್ಟಿದ್ದು, ಎಷ್ಟು ಉಜ್ಜಿದರೂ ಯಾವುದಾದರೊಂದು ಗುಳಿಯಲ್ಲಿ ಹಸಿರು ಸಿಪ್ಪೆ ಉಳಿದಿರುತ್ತದೆ. ಈ ಒಂಬತ್ತರಲ್ಲಿ ಹಸಿರಿಲ್ಲ. ಬೂದಿಯ ಮೇಲೆ ದಾರ ಎಳೆದಂತೆ ಬಿಳಿ ಗೆರೆ. ಬ್ರೆಜಿಲ್ ದೇಶದಿಂದ ಮೂಟೆಯಲ್ಲಿ ಬರುವ ಕಲ್ಲು, ಅಂಚೆಯಲ್ಲಿ ತರಿಸಿಕೊಳ್ಳುವಂಥದ್ದು.

ಇಂಥದೇ ಕಲ್ಲನ್ನು ನಾನು ಹಿಂದೆ ಒಮ್ಮೆ ನೋಡಿದ್ದೇನೆ. ಎಲ್ಲಿ ಎಂದು ನಿನಗೆ ಹೇಳಬೇಕಾಗಿಲ್ಲ.

ಇವು ಅವರ ಪೀಪಾಯಿಗೆ ಹೇಗೆ ಬಂದವು? ನಿನಗೆ ಗೊತ್ತಿದ್ದರೆ ಬರೆ.

ನಿನ್ನ ತಾಯಿ,
ಯುಫೀಮಿಯಾ ಪರ್ಟ್

*

ಇನ್ವರ್ನೆಸ್
6 ಮಾರ್ಚ್ 1977

ಅಮ್ಮನಿಗೆ,

ಪೀಪಾಯಿ ಮುಕ್ಕಾಲು ತುಂಬದಿದ್ದರೆ ಕಲ್ಲು ಉರುಳುವುದಿಲ್ಲ, ಬರಿದೆ ಜಾರುತ್ತದೆ. ಕಡಿಮೆ ಬಿದ್ದಾಗ ಕೈಗೆ ಸಿಕ್ಕ ಕಲ್ಲನ್ನು ಸೇರಿಸುವುದು ಎಲ್ಲರ ಪದ್ಧತಿ. ಅದಕ್ಕಿಂತ ಹೆಚ್ಚಿನ ಅರ್ಥ ಹುಡುಕಬೇಡಿ.

ಆ ಒಂಬತ್ತನ್ನು ಬೇರೆ ತೆಗೆದಿಡಿ. ಯಾರಿಗೂ ತೋರಿಸಬೇಡಿ. ಮೂವತ್ತೊಂದನ್ನು ಮುಗಿಸಿ ಅಪ್ಪನ ಹೆಸರಲ್ಲಿ ಇಡಿ. ಜಾಗ ತುಂಬಲು ಬೇರೆ ಸಣ್ಣ ಕಲ್ಲು ಹಾಕಿಕೊಳ್ಳಿ.

ಬೆರಳಿಗೆ ಹಂದಿಕೊಬ್ಬು ಸವರಿಕೊಳ್ಳಿ. ಅಪ್ಪ ಅದನ್ನೇ ಮಾಡುತ್ತಿದ್ದ.

ರೋನಾ

*

ಕೇಟರ್‌ಹೇವನ್
28 ಮಾರ್ಚ್ 1977

ರೋನಾಳಿಗೆ,

ನೀನು ಉತ್ತರ ಕೊಟ್ಟೆ, ಆದರೆ ನನ್ನ ಪ್ರಶ್ನೆಗಲ್ಲ. ಈಗ ನನಗೆ ಉತ್ತರ ಬೇಕಾಗಿಯೂ ಇಲ್ಲ.

ಶೆಡ್ಡಿನ ಗೋಡೆಯನ್ನು ಗುಡಿಸುವಾಗ ಪುಡಿಯ ಡಬ್ಬಿಗಳ ಹಿಂದಿನ ಹಲಗೆಯಲ್ಲಿ ಪೆನ್ಸಿಲ್ಲಿನ ಬರಹ ಕಂಡಿತು. ನಿನ್ನ ತಂದೆಯ ಕೈಬರಹ. "1960 ಮೇ. ಮೂರು ಕಲ್ಲು. ನಾಲ್ಕು ದಿನ ಸಾಕು." ಅದರ ಕೆಳಗೆ ಅಂಥವೇ ಹನ್ನೊಂದು ಸಾಲು, 1962ರ ತನಕ. ಆಮೇಲೆ ಖಾಲಿ. ಆಮೇಲೆ 1974ರಿಂದ ಮತ್ತೆ ಶುರು. ಕಡೆಯದು ಈ ಫೆಬ್ರವರಿ ಎಂಟು. "ಒಂಬತ್ತು. ನಾಲ್ಕು ದಿನ."

ನಾಲ್ಕು ದಿನ ಎಂದರೆ ಏನೆಂದು ಈಗ ನನಗೆ ಗೊತ್ತು. ಒರಟು ಪುಡಿಯಲ್ಲಿ ನಾಲ್ಕು ದಿನ ಉರುಳಿಸಿದರೆ ಒಡೆದ ಕಲ್ಲಿನ ಚೂಪು ಹೋಗಿ, ಮೈ ಮಬ್ಬಾಗಿ, ಕಡಲು ಉರುಳಿಸಿದ ಹಾಗೆ ಕಾಣುತ್ತದೆ. ಕೊಂಡುತಂದ ಕಲ್ಲನ್ನು ಹೆಕ್ಕಿದ ಕಲ್ಲು ಎಂದು ತೋರಿಸಲು ಅದು ಸಾಕು. ನಮ್ಮ ಕ್ಲಬ್ಬಿಗೆ ಇರುವುದು ಒಂದೇ ನಿಯಮ: ತಾನೇ ಹೆಕ್ಕಿದ್ದು, ನಮ್ಮ ದಡದ್ದು. ತೀರ್ಪುಗಾರರು ಎಲ್ಲರ ಮುಂದೆ "ಎಲ್ಲಿ ಸಿಕ್ಕಿತು?" ಎಂದು ಕೇಳುತ್ತಾರೆ, ಇಟ್ಟವರು ಜಾಗದ ಹೆಸರು ಹೇಳುತ್ತಾರೆ. ಆ ಮಾತಿನ ಮೇಲೆ ಕ್ಲಬ್ಬು ನಿಂತಿದೆ. ಆ ಪ್ರಶ್ನೆಯನ್ನು ನಾನು ನನ್ನ ಗಂಡನನ್ನೂ ಕೇಳಿದ್ದೇನೆ, ಮಗಳನ್ನೂ ಕೇಳಿದ್ದೇನೆ.

ಅವರು ಮೂರು ವರ್ಷ ಪ್ರದರ್ಶನದ ಬಹುಮಾನದ ಬಟ್ಟಲು ಗೆದ್ದರು. 64, 66, 69. ಬಟ್ಟಲು ಬೆಂಕಿಗೂಡಿನ ಮೇಲಿದೆ. ಈಗ ಅದನ್ನು ನೋಡಲಾಗುತ್ತಿಲ್ಲ.

ಏಪ್ರಿಲ್ ಹನ್ನೆರಡರ ಸಭೆಯಲ್ಲಿ ಬಟ್ಟಲನ್ನು ಹಿಂದಿರುಗಿಸುತ್ತೇನೆ. ಅಲೆಕ್ಸಾಂಡರ್ ಪರ್ಟ್ ಅವರ ಹೆಸರನ್ನು ಗೆದ್ದವರ ಫಲಕದಿಂದ ಅಳಿಸಬೇಕೆಂದು ನಾನೇ ಹೇಳುತ್ತೇನೆ. ಡೂಥಿಗೆ ಸೂಚ್ಯವಾಗಿ ತಿಳಿಸಿದೆ. ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ.

"ಬಿಡ್ರೀ ಎಫಿ. ಸತ್ತೋರ ಮೇಲೆ ಯಾಕೆ? ಅವ್ನು ಇನ್ನೇನು ಬಂದು ಬಟ್ಟಲಲ್ಲಿ ಗಂಜಿ ಕುಡೀತಾನಾ?"

"ಮಗಳಿಗೊಂದು ನ್ಯಾಯ, ಗಂಡನಿಗೊಂದು ನ್ಯಾಯ ಇಲ್ಲ, ಡೂಥಿ."

"ಮಗಳಿಗೆ ಮಾಡಿದ್ದೇ ಜಾಸ್ತಿ ಆಯ್ತು ಅಂತ ಊರೆಲ್ಲ ಅಂದ್ಕೊಂಡಿದೆ. ನಿಮ್ಮೆದುರು ಯಾರೂ ಹೇಳಲ್ಲ ಅಷ್ಟೆ."

ಬಾಗಿಲು ಹಾಕಿಕೊಂಡೆ. ನಿನಗೆ ತಿಳಿಸುವುದು ನನ್ನ ಕರ್ತವ್ಯವೆಂದು ತಿಳಿಸಿದ್ದೇನೆ.

ನಿನ್ನ ತಾಯಿ,
ಯುಫೀಮಿಯಾ ಪರ್ಟ್

*

ಇನ್ವರ್ನೆಸ್
31 ಮಾರ್ಚ್ 1977

ಅಮ್ಮ,

ಹನ್ನೆರಡನೆಯ ತಾರೀಕಿನ ಒಳಗೆ ಇದು ನಿಮ್ಮ ಕೈಸೇರಬೇಕು, ಅದಕ್ಕೆ ಈ ಹೊತ್ತೇ ಅಂಚೆಗೆ ಹಾಕುತ್ತಿದ್ದೇನೆ. ಅಪ್ಪನಿಗೆ ಕೊಟ್ಟ ಮಾತನ್ನು ಮುರಿಯುತ್ತಿದ್ದೇನೆ. ಬೇರೆ ದಾರಿ ನೀವು ಉಳಿಸಲಿಲ್ಲ.

ಅಪ್ಪ ತಿಂಗಳಿಗೊಮ್ಮೆ ಪರ್ತ್‌ಗೆ ಹಳೆಯ ಸಿಗ್ನಲ್ ಗೆಳೆಯರನ್ನು ನೋಡಲು ಹೋಗುತ್ತಿದ್ದನಲ್ಲ, ಅವನು ಪರ್ತ್‌ನಲ್ಲಿ ಇಳಿಯುತ್ತಿರಲಿಲ್ಲ. ಇಲ್ಲಿಗೆ ಬರುತ್ತಿದ್ದ. 1974ರಿಂದ, ಎರಡನೆಯ ಶನಿವಾರ. ನನ್ನ ಮಗಳು ಕರ್ಸ್ಟಿಗೆ ಆಗ ಎರಡು ವರ್ಷ. ಮೂವರೂ ನೇರ್ನ್ ದಡಕ್ಕೆ ಹೋಗುತ್ತಿದ್ದೆವು. ಅವಳು ಮರಳಿನಲ್ಲಿ ಕಲ್ಲು ಹೆಕ್ಕುವಳು. ಅಲ್ಲಿ ಒಳ್ಳೆಯ ಕಲ್ಲು ಸಿಕ್ಕುವುದಿಲ್ಲ ಎಂದು ನಿಮಗೂ ಗೊತ್ತು. ಆದರೆ ಅವಳಿಗೆ ಸಿಕ್ಕುತ್ತಿತ್ತು. ಒಂದು ದಿನ ನಾನು ಅಪ್ಪನ ಹಿಂದೆ ನಡೆಯುತ್ತಿದ್ದೆ. ಅವನ ಪ್ಯಾಂಟಿನ ಬಲಗಾಲಿನಿಂದ ಒಂದು ಕಲ್ಲು ಜಾರಿ ಬೂಟಿನ ಪಕ್ಕ ಮರಳಿಗೆ ಬಿತ್ತು. ಅವನ ಕೈ ಜೇಬಿನಲ್ಲೇ ಇತ್ತು, ನೋಟ ಕಡಲಿನ ಮೇಲೆ.

"ಅಪ್ಪಾ, ಏನದು?"

"ಯಾವುದು?"

"ನಿನ್ನ ಕಾಲೊಳಗಿಂದ ಬಿತ್ತಲ್ಲ, ಅದು."

"ಸುಮ್ನಿರೇ. ಮಗು ಕೇಳಿಸ್ಕೊಳ್ಳುತ್ತೆ."

ಆಮೇಲೆ ಅವನು ಮರಳಿನ ಮೇಲೆ ಕೂತುಬಿಟ್ಟ. ಏಳಿಸಲು ಹೋದರೆ ಕೈ ತಳ್ಳಿದ.

"ನಿನಗೂ ಹೀಗೇ ಬೀಳಿಸ್ತಿದ್ದೆ ಕಣೇ. ನೀನು ಏನು ತಂದ್ರೂ ನಿಮ್ಮಮ್ಮ, ಇದು ಇಟ್ಟಿಗೆ ಚೂರು, ಇದು ಗಾಜು ಅಂತ ಕಿಟಕಿಯಿಂದ ಎಸೀತಿದ್ಲು. ಇನ್ನು ಕಡಲಿಗೆ ಬರಲ್ಲಪ್ಪ ಅಂದೆ ನೀನು. ಹತ್ತು ವರ್ಷದ ಮಗು. ನನಗೆ ತಡೀಲಿಲ್ಲ. ಜೇಬು ಸರಿ ಇದ್ರೆ ಕಲ್ಲು ಬೀಳ್ಸೋಕೆ ಕೈ ಹೊರಗೆ ತೆಗೀಬೇಕು, ನೀನು ನೋಡ್ತೀಯ. ಅದಕ್ಕೆ ಜೇಬು ಬಿಚ್ಚಿದೆ."

"ನಮ್ಮೂರ ಕಲ್ಲನ್ನೇ ಬೀಳಿಸಬಹುದಿತ್ತಲ್ಲ?"

"ಒಳ್ಳೇದೆಲ್ಲ ಅವಳ ಕಪಾಟಲ್ಲಿತ್ತು. ಒಂದು ಕಮ್ಮಿಯಾದ್ರೂ ಗೊತ್ತಾಗ್ತಿತ್ತು."

ನಮ್ಮೂರ ದಡದಲ್ಲಿ, ಅಲೆ ತಡೆಯಲು ಮರದಿಂದ ಕಟ್ಟಿದ ಮೂರನೆಯ ತಡೆಗೋಡೆಯ ಬುಡದಲ್ಲಿ ನನಗೆ ಸಿಕ್ಕ ಆ ಕಲ್ಲನ್ನು ಅಮ್ಮನಿಗೆ ತೋರಿಸಬೇಡ ಎಂದು ಅಂದೇ ಅಪ್ಪ ಹೇಳಿದ್ದ. ಎಸೆಯುತ್ತೀರೆಂಬ ಹೆದರಿಕೆಗೆ ಎಂದು ನಾನು ತಿಳಿದೆ. ಹನ್ನೊಂದು ವರ್ಷ ಕಾಲುಚೀಲದೊಳಗೆ ಇಟ್ಟುಕೊಂಡಿದ್ದೆ. ಇಪ್ಪತ್ತೊಂದಾದ ಮೇಲೆ ಇನ್ನೇನು ಹೆದರಿಕೆ ಎಂದು, ಅಪ್ಪನಿಗೂ ಹೇಳದೆ, ಗೆಳತಿಯ ಮನೆಯ ಪೀಪಾಯಿಯಲ್ಲಿ ಹೊಳಪು ಮಾಡಿ, 71ರ ಪ್ರದರ್ಶನದ ಮೇಜಿನ ಮೇಲೆ ಇಟ್ಟೆ. ನಿಮ್ಮಿಂದ ಒಂದು ಸಲ, ಒಳ್ಳೆಯ ಕಲ್ಲು, ಎನ್ನಿಸಿಕೊಳ್ಳಬೇಕಿತ್ತು.

ಎಲ್ಲಿ ಸಿಕ್ಕಿತು ಎಂದು ಕೇಳಿದಿರಿ. ಹೇಳಿದೆ. ನಲವತ್ತು ಜನರ ಮುಂದೆ, ಸುಳ್ಳು ಎಂದಿರಿ. ನನ್ನ ಹೆಸರಿನ ಚೀಟಿಯನ್ನು ಮಗುಚಿಟ್ಟಿರಿ. ಆವತ್ತಿನಿಂದ ನಮ್ಮೂರಲ್ಲಿ ನಾನು ಸುಳ್ಳಿ.

ಅಪ್ಪ ಆಗ ಆಚೆ ಮೇಜಿನಲ್ಲಿ ಚಹಾ ಸುರಿಯುತ್ತಿದ್ದ. ಅವತ್ತು ಯಾಕೆ ಹೇಳಲಿಲ್ಲ ಎಂದು ನೇರ್ನ್ ದಡದಲ್ಲಿ ಕೇಳಿದೆ.

"ಹೇಳ್ಬೇಕು ಅಂತ ಕೆಟಲ್ ಕೆಳಗಿಟ್ಟೆ. ಅವಳು ನನ್ನ ಕಡೆ ನೋಡಿದ್ಲು. ಮತ್ತೆ ಎತ್ಕೊಂಡೆ."

ಇಷ್ಟೇ ಅಂದ. ಅಳುತ್ತಿದ್ದ. ಅರವತ್ತು ದಾಟಿದ ಮನುಷ್ಯ. ಹೇಳಿಬಿಡೋಣ ಅಪ್ಪ ಎಂದೆ. ಅವಳಿಗೆ ಮಾತ್ರ ಬೇಡ ಎಂದು ಕೈ ಹಿಡಿದುಕೊಂಡ. ಮಾತು ಕೊಟ್ಟೆ. ಅವನನ್ನು ಕ್ಷಮಿಸಲು ನನಗೆ ಒಂದು ಮಧ್ಯಾಹ್ನ ಸಾಕಾಯಿತು. ತನ್ನ ಮನೆಯಲ್ಲೇ ಇಷ್ಟು ಹೆದರಿ ಬದುಕಿದವನ ಮೇಲೆ ಎಷ್ಟು ಹೊತ್ತು ಸಿಟ್ಟಿರುತ್ತದೆ?

ಆ ಒಂಬತ್ತು ಕಲ್ಲು ಕರ್ಸ್ಟಿಗೆ. ಫೆಬ್ರವರಿ ಹನ್ನೆರಡು ಎರಡನೆಯ ಶನಿವಾರವಾಗಿತ್ತು. ನಾವು ಸ್ಟೇಷನ್ನಿನಲ್ಲಿ ಎರಡು ರೈಲು ಕಾದೆವು. ಅವನು ಹೋದದ್ದು ನನಗೆ ಗೊತ್ತಾದದ್ದು ಅದರ ಮರುದಿನ, ಡೂಥಿ ಮಾಮನ ತಂತಿಯಿಂದ. ನಿಮ್ಮಿಂದಲ್ಲ.

ಬಟ್ಟಲು ಗೆದ್ದ ಕಲ್ಲೆಲ್ಲ ಅವನು ಕಡಲಲ್ಲೇ ಹೆಕ್ಕಿದ್ದು. ಅದರಲ್ಲಿ ಒಂದೂ ಮೋಸವಿಲ್ಲ. ಒಂದು ಮಾತು ಕೇಳುತ್ತೇನೆ, ಮತ್ತೆ ಕೇಳುವುದಿಲ್ಲ. ನನ್ನ ಚೀಟಿ ಮಗುಚಿಯೇ ಇರಲಿ, ಅಭ್ಯಾಸವಾಗಿದೆ. ಅವನದನ್ನು ಮಗುಚಬೇಡಿ.

ಉತ್ತರ ಬರೆಯಬೇಕಾಗಿಲ್ಲ.

ರೋನಾ

*

ಕೇಟರ್‌ಹೇವನ್
5 ಜೂನ್ 1977

ರೋನಾಳಿಗೆ,

ಬರೆಯಬೇಕಾಗಿಲ್ಲ ಎಂದಿದ್ದೆ. ಎರಡು ತಿಂಗಳು ಬರೆಯಲಿಲ್ಲ. ಆದರೆ ನಡೆದದ್ದು ಬೇರೆಯವರ ಬಾಯಿಂದ ನಿನಗೆ ತಲುಪುವುದು ಬೇಡ.

ಬಟ್ಟಲು ಬೆಂಕಿಗೂಡಿನ ಮೇಲೆಯೇ ಇದೆ.

ಹನ್ನೆರಡನೆಯ ತಾರೀಕು ಸಭೆಗೆ ಹೋಗುವಾಗ ಹಳೆಯ ಪೆಟ್ಟಿಗೆಯಿಂದ 71ರ ಚೀಟಿಗಳನ್ನು ತೆಗೆದುಕೊಂಡು ಹೋದೆ. ನಿನ್ನದು ಹಾಗೆಯೇ ಇತ್ತು, ಅಂಚು ಹಳದಿಯಾಗಿತ್ತು. ಎದ್ದು ನಿಂತು ಹೇಳಿದೆ: "ಆರು ವರ್ಷದ ಹಿಂದೆ ಈ ಹಾಲ್‌ನಲ್ಲಿ ಒಬ್ಬ ಹುಡುಗಿಯನ್ನ, ಎಲ್ಲಿ ಸಿಕ್ಕಿತು ಅಂತ ಕೇಳ್ದೆ. ಅವಳು ನಿಜ ಹೇಳಿದ್ಲು. ನಾನು ಸುಳ್ಳು ಅಂದೆ. ತಪ್ಪು ನನ್ನದು." ಚೀಟಿಯನ್ನು ಮುಖ ಮೇಲಾಗಿ ಫಲಕಕ್ಕೆ ಚುಚ್ಚಿದೆ.

ಆಮೇಲೆ ಹಿಂದಿನಿಂದ ಮಿಸೆಸ್ ಲೈಯಲ್ ಕೇಳಿದಳು, ಅವಳಿಗೆ ಸುಮ್ಮನಿರಲು ಬರುವುದಿಲ್ಲ: "ಹಾಗಾದ್ರೆ ಬ್ರೆಜಿಲ್ ಕಲ್ಲು ನಮ್ಮ ಮೂರನೇ ಗೋಡೆ ಹತ್ರ ಹೇಗೆ ಬಂತಂತೆ?"

"ಕಡಲನ್ನ ಕೇಳಿ," ಎಂದೆ.

ಅರವತ್ತೆರಡು ವರ್ಷದಲ್ಲಿ ಒಂದು ಕಲ್ಲಿನ ಬಗ್ಗೆ ಜನರ ಮುಂದೆ ನಾನು ಆಡಿದ ಮೊದಲ ಸುಳ್ಳು. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದುಕೊಂಡಿದ್ದೆ. ಸಲೀಸಾಗಿ ಬಂತು. ಅದೇ ಸಭೆಯಲ್ಲಿ ಅಧ್ಯಕ್ಷತೆಯನ್ನೂ ತೀರ್ಪುಗಾರಿಕೆಯನ್ನೂ ಬಿಟ್ಟೆ. ಯಾರೂ ಬೇಡ ಎನ್ನಲಿಲ್ಲ.

ಜೇಬಿನ ವಿಷಯ. ನಾನು ಹೊಲಿಯುತ್ತಿದ್ದೆ, ಅವರು ಬಿಚ್ಚುತ್ತಿದ್ದರು. ಮತ್ತೆ ಹೊಲಿಯುತ್ತಿದ್ದೆ, ಮತ್ತೆ ಬಿಚ್ಚುತ್ತಿದ್ದರು. ಒಂದೇ ಮನೆಯಲ್ಲಿ, ಒಂದೇ ದೀಪದ ಕೆಳಗೆ. ಬಯ್ಯುವುದನ್ನು ಬಿಟ್ಟು ಯಾಕೆ ಎಂದು ನಾನೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಚರ್ಚಿನ ಮಾರಾಟಕ್ಕೆ ಎಲ್ಲ ಕೊಟ್ಟಾಗಿತ್ತು. ನಿನ್ನ ಕಾಗದ ಬಂದ ಮರುದಿನ ಹೋಗಿ ಒಂದು ಕಂದು ಪ್ಯಾಂಟನ್ನು ವಾಪಸು ಕೊಂಡು ತಂದೆ. ಪಾದ್ರಿಯ ಹೆಂಡತಿ ನನ್ನ ಮುಖ ನೋಡಿದಳು.

ಇನ್ನು ಆ ದಿನ ಹಾಲ್‌ನಲ್ಲಿ ನಾನು ಅವರ ಕಡೆ ನೋಡಿದೆ ಎಂದೆಯಲ್ಲ. ಹೌದು, ನೋಡಿದೆ. ನನಗೆ ನೆನಪಿದೆ. ಅವರು ಕೆಟಲ್ ಕೆಳಗಿಟ್ಟರು, ಚಹಾ ತಡವಾಗುತ್ತಿದೆ ಎಂದು ನೋಡಿದೆ. ಅಷ್ಟೇ ಇದ್ದದ್ದು ಆ ನೋಟದಲ್ಲಿ. ಅದನ್ನು ಹೇಳಬೇಕಾದವರಿಗೆ ಈಗ ಹೇಳಲಾಗುವುದಿಲ್ಲ.

ತಂತಿ ನಾನು ಕಳಿಸಬೇಕಿತ್ತು.

ಇನ್ನೂ ಒಂದು ಮಾತು ಬರೆಯಲಿಕ್ಕಿತ್ತು. ಹಾಳೆ ಮುಗಿಯಿತು.

ನಿನ್ನ ತಾಯಿ,
ಯುಫೀಮಿಯಾ

*

ಕೇಟರ್‌ಹೇವನ್
11 ಸೆಪ್ಟೆಂಬರ್ 1977

ರೋನಾ,

ನಿನ್ನಿಂದ ಕಾಗದ ಬರಲಿಲ್ಲ. ಬರಬೇಕೆಂದು ನಾನು ಹೇಳುತ್ತಿಲ್ಲ.

ಹೋದ ಶನಿವಾರ ಪ್ರದರ್ಶನ ಮುಗಿಯಿತು. ಮೂವತ್ತೊಂದು ಕಲ್ಲನ್ನು ನಿನ್ನ ತಂದೆಯ ಹೆಸರಿನಲ್ಲಿ ಇಟ್ಟೆ. ಈ ಸಲ ತೀರ್ಪು ಡೂಥಿಯದು. ಅವನು ಭೂತಗನ್ನಡಿ ಹಿಡಿದು ಬಹಳ ಹೊತ್ತು ಬಗ್ಗಿ ನಿಂತ. ಆಮೇಲೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದ.

"ಎಲ್ಲದರ ಮೇಲೂ ಸಣ್ಣ ಗೆರೆ ಬಿದ್ದಿದೆ ಕಣ್ರೀ ಎಫಿ. ಹೊಳಪಿನ ಪೀಪಾಯಿಗೆ ಒರಟು ಪುಡಿ ಸೇರಿದೆ. ಇದು ಅಲಿಕ್‌ನ ಕೈ ಅಲ್ಲ."

"ಅಲ್ಲ. ನನ್ನದು," ಎಂದೆ. ಎಲ್ಲರಿಗೂ ಕೇಳಿಸುವ ಹಾಗೆ. "ಅವರಿದ್ದಾಗ ನಾನು ಒಂದು ಪೀಪಾಯಿಯನ್ನೂ ತೊಳೆದವಳಲ್ಲ."

ಡೂಥಿ ಕುರ್ಚಿ ಎಳೆದು ಕೊಟ್ಟ. ನಾನು ಕೂರಲಿಲ್ಲ.

ಎಷ್ಟು ತೊಳೆದೆ ಎಂದು ನಿನಗೆ ಹೇಳಿದರೆ ನಂಬುವೆಯೋ ಇಲ್ಲವೋ. ಕಣ ಎಲ್ಲಿಂದ ಹೋಯಿತೋ. ಕಲ್ಲಿನ ಗುಳಿಯಲ್ಲಿ ಅಡಗಿ ಕೂತಿರುತ್ತದಂತೆ, ಎಷ್ಟೋ ವಾರದ ಮೇಲೆ ಹೊರಬರುತ್ತದಂತೆ.

ಒಂಬತ್ತು ಕಲ್ಲುಗಳಿಗೆ ಹೊಳಪು ಕೊಡಲಿಲ್ಲ. ನಾಲ್ಕು ದಿನದ ಬದಲು ಮೂರು ವಾರ ಉರುಳಿದ್ದರಿಂದ ಅವು ಸಣ್ಣವಾಗಿವೆ, ಕೆಲವು ಅವರೆಕಾಳಿಗಿಂತ ಸ್ವಲ್ಪ ದೊಡ್ಡವು ಅಷ್ಟೆ. ತಡೆದು ತೆರೆದದ್ದು ನನ್ನ ತಪ್ಪು. ಆದರೆ ಗೆರೆ ಉಳಿದಿದೆ. ಒದ್ದೆಯಾದಾಗ ಚೆನ್ನಾಗಿ ಕಾಣುತ್ತದೆ.

ಅವರ ಕಂದು ಪ್ಯಾಂಟಿನ ಜೇಬು ಬಿಚ್ಚಿ ನೋಡಿದೆ, ಹೇಗೆ ಮಾಡುತ್ತಿದ್ದರೆಂದು. ಜೇಬಿನ ತಳವನ್ನು ಕತ್ತರಿಸಿರಲಿಲ್ಲ. ನನ್ನ ಹೊಲಿಗೆಯನ್ನು ಒಂದೊಂದೇ ಎಳೆಯಾಗಿ ಬಿಡಿಸಿದ್ದರು, ಬಟ್ಟೆಗೆ ನೋವಾಗದ ಹಾಗೆ. ನನ್ನ ಮಳೆಕೋಟಿನ ಬಲಜೇಬಿಗೆ ನಾನೂ ಹಾಗೆಯೇ ಮಾಡಿದೆ. ನಿನ್ನೆ ಇಳಿತದ ಹೊತ್ತಿಗೆ ಮೂರನೆಯ ತಡೆಗೋಡೆಯ ತನಕ ನಡೆದೆ. ಮಿಸೆಸ್ ಲೈಯಲ್ ನಾಯಿ ಹಿಡಿದು ಎದುರಾದಳು, "ಏನು ಹುಡುಕ್ತಾ ಇದ್ದೀರಿ?" ಎಂದಳು. ಏನೂ ಇಲ್ಲ ಎಂದೆ. ಕಲ್ಲು ಕೋಟಿನ ಅಸ್ತರಿನೊಳಗಿಂದ ಮೊಣಕಾಲಿಗೆ ತಾಗುತ್ತ ಒಂದೊಂದಾಗಿ ಇಳಿದವು. ಕಾಲಿಗೆ ತಣ್ಣಗಾಯಿತು. ನಮ್ಮ ದಡಕ್ಕೆ ಸೇರದ ಕಲ್ಲನ್ನು ನಮ್ಮ ದಡದಲ್ಲಿ ಬಿಟ್ಟು ಬಂದೆ. ಹಿಂದೆ ಯಾರಾದರೂ ಹೀಗೆ ಮಾಡಿದ್ದರೆ ಕ್ಲಬ್ಬಿನಿಂದ ಹೊರಗೆ ಹಾಕುತ್ತಿದ್ದೆ.

ಬರುವ ಶನಿವಾರ ಬೆಳಿಗ್ಗೆ ಹತ್ತೂವರೆಗೆ ದೊಡ್ಡ ಇಳಿತ. ಗೋಡೆಯ ಉತ್ತರ ಬದಿ, ಬುಡದಿಂದ ಐದು ಹೆಜ್ಜೆ ಒಳಗೆ. ಬಸ್ಸು ಬಂದರಿನ ಹತ್ತಿರವೇ ನಿಲ್ಲುತ್ತದೆ. ಮನೆಯ ಕಡೆ ಬರಬೇಕೆಂದಿಲ್ಲ. ನಾನು ಆ ಹೊತ್ತಿಗೆ ದಡದಲ್ಲಿ ಇರುವುದಿಲ್ಲ, ಕಿಟಕಿಯಲ್ಲಿಯೂ ಇರುವುದಿಲ್ಲ. ಇಟ್ಟವರು ಯಾರೆಂದು ಮಗುವಿಗೆ ತಿಳಿಯುವುದು ಬೇಡ. ಅವಳಿಗೆ ಸಿಕ್ಕಿದ್ದು ಅವಳದೇ.

ತಾಯಿ

*

ಕೇಟರ್‌ಹೇವನ್
30 ಅಕ್ಟೋಬರ್ 1977

ರೋನಾ,

ಇದಾದ ಮೇಲೆ ನಿನಗೆ ತೊಂದರೆ ಕೊಡುವುದಿಲ್ಲ.

ಬಾಗಿಲ ಹಿಂದಿನ ಸ್ವಿಚ್ಚು ಆರಿಸಿದೆ. ಪ್ರದರ್ಶನ ಮುಗಿದ ಮೇಲೂ ಬರೀ ನೀರು ಮತ್ತು ಕೆಲಸಕ್ಕೆ ಬಾರದ ಕಲ್ಲು ಹಾಕಿ ತಿರುಗಿಸುತ್ತಿದ್ದೆ, ಸದ್ದಿಗಾಗಿ. ಹೋದ ವಾರ ಬೆಲ್ಟು ಕಿತ್ತುಹೋಯಿತು. ಡೂಥಿ ಬೇರೆ ಹಾಕಿಕೊಡುತ್ತೇನೆ ಎಂದ. ಬೇಡ ಎಂದೆ.

ಆ ಶನಿವಾರ ನಾನು ಹೇಳಿದ ಹಾಗೆಯೇ ನಡೆದುಕೊಂಡೆ. ಮಧ್ಯಾಹ್ನದವರೆಗೆ ಹಿಂದಿನ ಕೋಣೆಯಲ್ಲಿ ಕೂತು ಬಾರ್ಲಿ ಆರಿಸಿದೆ. ಬಸ್ಸು ಬಂದ ಸದ್ದು ಕೇಳಿತು. ಎದ್ದು ನೋಡಲಿಲ್ಲ. ರಾತ್ರಿಯ ಇಳಿತಕ್ಕೆ ಟಾರ್ಚು ಹಿಡಿದು ದಡಕ್ಕೆ ಹೋದೆ. ಒಂಬತ್ತರಲ್ಲಿ ಏಳು ಕಂಡವು. ಮರಳಿನಲ್ಲಿ ಹೆಜ್ಜೆ ಇರಲಿಲ್ಲ. ಇದ್ದರೂ ನಡುವೆ ಭರತ ಬಂದು ಹೋಗಿತ್ತು.

ಆಮೇಲೆ ಪ್ರತಿ ಇಳಿತಕ್ಕೂ ಹೋಗಿ ನೋಡಿದೆ. ಅಕ್ಟೋಬರಿನ ಗಾಳಿಗೆ ದಡ ತಿರುವುಮುರುವಾಯಿತು. ಐದಾದವು, ಮೂರಾದವು. ಇವತ್ತು ಒಂದೂ ಇಲ್ಲ. ಏಳನ್ನು ಕಡಲು ತೆಗೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಮೊದಲು ಹೋದ ಎರಡರ ಮಾತು ನನಗೆ ಗೊತ್ತಿಲ್ಲ.

ನಿನ್ನನ್ನು ಕೇಳಬಹುದು. ಒಂದು ಸಾಲು ಬರೆದರೆ ಸಾಕು, ಬಂದಿದ್ದೆಯೋ ಇಲ್ಲವೋ. ಲೇಖನಿ ಹಿಡಿದಾಗ ಅದಕ್ಕೇ ಹಿಡಿದದ್ದು. ಆದರೆ ಹದಿನಾಲ್ಕು ವರ್ಷ ಅದೇ ಒಂದು ಪ್ರಶ್ನೆಯನ್ನು ಎಲ್ಲರನ್ನೂ ನಿಲ್ಲಿಸಿ ಕೇಳಿದ್ದೇನೆ, ಅದರ ಬೆಲೆ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಮುಂದೆ ಎಂದಾದರೂ, ನಾನು ಇರುವಷ್ಟರಲ್ಲಿ, ಒಂದು ಮಗು ನನ್ನೆದುರು ನಿಂತು ಮುಷ್ಟಿ ಬಿಚ್ಚಿ ಬೂದು ಬಣ್ಣದ ಸಣ್ಣ ಕಲ್ಲು ತೋರಿಸಿದರೆ, ಒಳ್ಳೆಯ ಕಲ್ಲು, ಎನ್ನುತ್ತೇನೆ.

ಎಲ್ಲಿ ಸಿಕ್ಕಿತು ಎಂದು ಕೇಳುವುದಿಲ್ಲ.

ಅಮ್ಮ